ಬುಲೆಟ್ ಕುಡಿದ ಪೆಟ್ರೋಲಿನ ಲೆಕ್ಕ

ಗಾಡಿ ಬುಲೆಟ್ 350, 1995ರ ಮಾಡೆಲ್. ಹಳೇ ಬೀಡುಕಬ್ಬಿಣದ ಇಂಜಿನ್, ಪಾಯಿಂಟ್ ಇಗ್ನಿಷನ್, ಬಲಗಾಲಿಗೆ ಗೇರು. ಕಾರ್ಬುರೇಟರ್ ಮಿಕ್‌ಕಾರ್ಬ್ ವಿಎಂ24, ಪೆಟ್ರೋಲನ್ನು ಗಾಳಿಗೆ ಬೆರೆಸಿ ಇಂಜಿನಿಗೆ ಕೊಡುವ ಭಾಗ ಅದು. 94ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟುಹೋದಾಗ ನಮ್ಮ ಕಡೆ ರೇಟು ಏರಿತಲ್ಲ, ಆ ದುಡ್ಡಲ್ಲಿ ಅಪ್ಪ ತೆಗೆದುಕೊಂಡದ್ದು. ಈಗ ಅವರಿಗೆ ಮಂಡಿನೋವು, ಕಿಕ್ ಹೊಡೆಯಲು ಆಗುವುದಿಲ್ಲ. ನಾನೇ ಓಡಿಸುತ್ತೇನೆ. ಮನೆ ಮೂರ್ನಾಡು ಹತ್ತಿರ, ಕೆಲಸ ಮಡಿಕೇರಿಯಲ್ಲಿ.

ಗಾಡಿಯ ಮೇಲೆ ನನಗೆ ದೂರು ಇರಲಿಲ್ಲ. ಜನವರಿ ಚಳಿಯಲ್ಲಿ, ಸೀಟಿನ ಮೇಲೆ ಇಬ್ಬನಿ ನಿಂತಿರುವಾಗಲೂ ಎರಡನೇ ಕಿಕ್ಕಿಗೆ ಸ್ಟಾರ್ಟ್. ತಣ್ಣಗಿನ ಇಂಜಿನಿಗೆ ಪೆಟ್ರೋಲ್ ಜಾಸ್ತಿ ಬಿಡುವ ಚೋಕ್ ಮುಟ್ಟುವುದೇ ಬೇಡ. ಹಾಗಂತ ನೆಂಟರ ಮುಂದೆಲ್ಲ ಹೇಳಿಕೊಂಡಿದ್ದೇನೆ. ಆದರೆ ಪೆಟ್ರೋಲ್ ಮಾತ್ರ ನೀರಿನ ಹಾಗೆ ಕುಡಿಯುತ್ತಿತ್ತು. ಅಪ್ಪನ ಕಾಲದಲ್ಲಿ ಲೀಟರಿಗೆ 32–33 ಕೊಡುತ್ತಿದ್ದ ಗಾಡಿ. ಈಗ 500 ರೂಪಾಯಿ ಹಾಕಿಸಿದರೆ ಮೂರನೇ ದಿನಕ್ಕೆ ರಿಸರ್ವ್. ಸೈಲೆನ್ಸರ್ ಬಾಯಿಗೆ ಬೆರಳು ಹಾಕಿದರೆ ಕಾಡಿಗೆ. ಟ್ರಾಫಿಕ್‌ನಲ್ಲಿ ನಿಂತರೆ ಗುಡುಗುಡು ಅಂತ ಏರಿಳಿತ. ಇಂಜಿನ್ ಬಿಸಿ ಇರುವಾಗ ಆಫ್ ಮಾಡಿ ತಕ್ಷಣ ಸ್ಟಾರ್ಟ್ ಮಾಡಲು ಹೋದರೆ ಎಂಟು ಹತ್ತು ಕಿಕ್ ಬೇಕು.

ಮಡಿಕೇರಿಯ ಒಂದು ಗ್ಯಾರೇಜಿನಲ್ಲಿ ಕೇಳಿದೆ. ಗಾಡಿ ನೋಡದೆಯೇ "ಕಾರ್ಬುರೇಟರ್ ಹೋಗಿದೆ, ಹೊಸದು ಹಾಕಿ, 2,400" ಅಂದರು. ಸುಮ್ನೆ ವಾಪಸ್ ಬಂದೆ. ನಾನೇ ನೋಡೋಣ ಅಂತ ಶುರು ಮಾಡಿದ್ದು ಹೀಗೆ.

ಜನವರಿ 11, 2025: ಮೊದಲು ಅಳತೆ

ಅಳತೆಯಲ್ಲೇ ಎಡವಿದೆ. ಸೈಡ್ ಸ್ಟ್ಯಾಂಡ್‌ನಲ್ಲಿ ನಿಲ್ಲಿಸಿ ಟ್ಯಾಂಕ್ ಫುಲ್ ಮಾಡಿಸಿದೆ. ಮರುದಿನ ಅದೇ ಬಂಕಿನ ಹುಡುಗ ನೇರ ನಿಲ್ಲಿಸಿ ತುಂಬಿಸಿದ. ಲೆಕ್ಕ ಹಾಕಿದರೆ ಲೀಟರಿಗೆ 16 ಬಂತು. ಗಾಬರಿಯಾಯಿತು. ಆಮೇಲೆ ಹೊಳೆಯಿತು, ವಾಲಿಸಿ ನಿಲ್ಲಿಸಿದ ಟ್ಯಾಂಕಿಗೆ ಪೂರ್ತಿ ಹಿಡಿಯುವುದೇ ಇಲ್ಲ ಅಲ್ವಾ.

ಹಾಗಾಗಿ ಒಂದು ಪದ್ಧತಿ ಮಾಡಿಕೊಂಡೆ. ಒಂದೇ ಬಂಕ್, ಒಂದೇ ಜಾಗ, ಡಬಲ್ ಸ್ಟ್ಯಾಂಡ್, ಕುತ್ತಿಗೆಯ ಒಳಗಿನ ಅಂಚಿನವರೆಗೆ ಪೆಟ್ರೋಲ್. ಮಡಿಕೇರಿಯಿಂದ ಸುಂಟಿಕೊಪ್ಪದ ಮೇಲೆ ಕುಶಾಲನಗರ, ವಾಪಸ್, ಆಮೇಲೆ ಮೂರ್ನಾಡಿಗೊಮ್ಮೆ ಹೋಗಿ ಬರುವುದು. ವೇಗ 50 ದಾಟುವುದಿಲ್ಲ. ನಮ್ಮ ತಿರುವುಗಳಲ್ಲಿ ದಾಟಲೂ ಆಗುವುದಿಲ್ಲ, ಬಿಡಿ.

ಮೀಟರ್ ನಂಬಬಹುದಾ ಅಂತ ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಜೊತೆ ತಾಳೆ ನೋಡಿದೆ. ಹತ್ತು ಕಲ್ಲು ದಾಟಿದಾಗ ಮೀಟರ್ ಓಡಿದ್ದು 9.3. ಅಂದರೆ ಮೀಟರ್ ಕಮ್ಮಿ ತೋರಿಸುತ್ತದೆ. ನನ್ನ ದಾರಿ ಮೀಟರಿನಲ್ಲಿ 83.7, ನಿಜವಾಗಿ 90 ಕಿ.ಮೀ.

ಹಿಡಿದ ಪೆಟ್ರೋಲ್ 4.36 ಲೀಟರ್. ಮೈಲೇಜ್ 20.6.

ಜನವರಿ 12: ಕಾರ್ಬುರೇಟರ್ ಮುಟ್ಟುವ ಮೊದಲು

ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ಕೈಯಿಂದ ತಿರುಗಿಸಿದೆ. ಅರ್ಧ ಸುತ್ತು ತಿರುಗಿ ನಿಂತಿತು. ಬ್ರೇಕ್ ಹಿಡಿದುಕೊಂಡೇ ಇದೆ! ಕಳೆದ ತಿಂಗಳು ಚೈನ್ ಬಿಗಿ ಮಾಡಿದ್ದು ನಾನೇ. ಚಕ್ರ ಹಿಂದೆ ಎಳೆದಾಗ ಬ್ರೇಕ್ ರಾಡೂ ಬಿಗಿಯಾಗುತ್ತದೆ, ಅದರ ನಟ್ ಸಡಿಲ ಮಾಡಬೇಕು. ಮಾಡಿರಲಿಲ್ಲ. ಈಗ ಡ್ರಮ್ ಬಿಚ್ಚಿ ಲೈನರ್ ಪುಡಿ ಉಜ್ಜಿ ತೆಗೆದು, ಕ್ಯಾಮ್‌ಗೆ ಚೂರು ಗ್ರೀಸ್ ಹಚ್ಚಿ, ನಟ್ ನಾಲ್ಕು ಸುತ್ತು ಬಿಟ್ಟೆ. ಚಕ್ರ ಮೂರು ಸುತ್ತು ತಿರುಗಿತು.

ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟಿನ ಗ್ಯಾಪ್ ಇರಬೇಕಾದ್ದು 0.35ರಿಂದ 0.40 ಮಿ.ಮೀ. ಫೀಲರ್ ಗೇಜಿನ 0.20 ಎಲೆಯೇ ಬಿಗಿಯಾಗಿ ಹೋಗುತ್ತಿತ್ತು. ಮುಖ ಸ್ವಲ್ಪ ಸುಟ್ಟಿತ್ತು. ನಯವಾದ ಮರಳು ಕಾಗದದಲ್ಲಿ ಉಜ್ಜಿ, 0.38ಕ್ಕೆ ಕೂರಿಸಿದೆ. ಟ್ಯಾಪೆಟ್ ಸರಿ ಇತ್ತು: ತಣ್ಣಗಿನ ಇಂಜಿನ್‌ನಲ್ಲಿ ಪುಶ್ ರಾಡ್ ಬೆರಳಲ್ಲಿ ಸಲೀಸಾಗಿ ತಿರುಗುತ್ತದೆ, ಮೇಲೆ ಕೆಳಗೆ ಆಟವಿಲ್ಲ. ಏರ್ ಫಿಲ್ಟರ್ ಕೊಡವಿದರೆ ಧೂಳಿನ ಜೊತೆ ಒಂದು ಜೇಡವೂ ಬಿತ್ತು. ಹೊಸದು ಹಾಕಿದೆ, 180 ರೂಪಾಯಿ. ಪ್ಲಗ್ ಹೊಸದು, 120.

ಮತ್ತೆ ಅದೇ ದಾರಿ. 4.02 ಲೀಟರ್. 22.4.

ಇಲ್ಲಿ ಮಾಡಿದ ತಪ್ಪು: ನಾಲ್ಕು ಕೆಲಸ ಒಟ್ಟಿಗೆ ಮಾಡಿದೆ. ಈ ಹೆಚ್ಚುವರಿ ಎರಡು ಕಿಲೋಮೀಟರ್ ಬ್ರೇಕಿನಿಂದ ಬಂತೋ, ಪಾಯಿಂಟ್‌ನಿಂದ ಬಂತೋ, ಜೇಡದಿಂದ ಬಂತೋ ಯಾರಿಗೆ ಗೊತ್ತು.

ಜನವರಿ 18: ಕಾರ್ಬುರೇಟರ್ ಕೆಳಗಿಳಿಯಿತು

ಕಾಕ್ ಬಂದ್ ಮಾಡಿ, ಪೈಪ್ ಕಳಚಿ, ಫಿಲ್ಟರ್ ಕಡೆಯ ರಬ್ಬರ್ ಸಡಿಲಿಸಿ, ಇಂಜಿನ್ ಕಡೆಯ ಎರಡು ನಟ್ ಬಿಚ್ಚಿದರೆ ಕೈಗೆ ಬರುತ್ತದೆ. ಕೇಬಲ್ ಜೊತೆ ಸ್ಲೈಡ್ ಮೇಲಕ್ಕೆ ಎಳೆದುಕೊಂಡು ಬಂದೆ.

ಜಾಗ ಆರಿಸಿದ್ದು ಕಾಫಿ ಕಣದ ಮೂಲೆ. ಬೆಳಕು ಚೆನ್ನಾಗಿದೆ, ಸಿಮೆಂಟ್ ನೆಲ, ಬಿದ್ದದ್ದು ಕಾಣುತ್ತದೆ ಅನ್ನೋ ಲೆಕ್ಕ. ಆದರೆ ಜನವರಿಯಲ್ಲಿ ಕಣ ಖಾಲಿ ಇರುತ್ತದಾ? ಮೂರು ಮಾರು ಆಚೆ ರೋಬಸ್ಟಾ ಹಣ್ಣು ಹರಡಿ ಒಣಗಲು ಹಾಕಿತ್ತು. ನೀಡಲ್‌ನ ತಲೆಗೊಂದು ಕ್ಲಿಪ್ ಇರುತ್ತದೆ, ಅಕ್ಕಿ ಕಾಳಿಗಿಂತ ಚೂರು ದೊಡ್ಡದು. ಅದನ್ನು ಸ್ಕ್ರೂಡ್ರೈವರ್ ತುದಿಯಲ್ಲಿ ಮೀಟಿದೆ. ಟಿಣ್ ಅಂತ ಹಾರಿ ನೇರ ಕಾಫಿಗೆ.

ಒಂದೂವರೆ ಗಂಟೆ ಹುಡುಕಿದೆ. ಹಳೇ ರೇಡಿಯೋ ಸ್ಪೀಕರಿನ ಅಯಸ್ಕಾಂತ ಕಿತ್ತು ತಂದು, ದಾರ ಕಟ್ಟಿ, ಹಣ್ಣಿನ ಮೇಲೆ ಎಳೆದಾಡಿದೆ. ಮೊದಲು ಸಿಕ್ಕಿದ್ದು ಒಂದು ಲಾಳದ ಮೊಳೆ. ಆಮೇಲೆ ಯಾವುದೋ ಸೇಫ್ಟಿ ಪಿನ್. ಕೊನೆಗೆ ಕ್ಲಿಪ್. ಅಷ್ಟು ಹೊತ್ತಿಗೆ ಅವ್ವ ಬಂದು ನಿಂತಿದ್ದರು. "ಇದು ಕಾಫಿ ಒಣಗಿಸುವ ಕಣವಾ, ಗ್ಯಾರೇಜಾ? ಒಂದು ತೊಟ್ಟು ಪೆಟ್ರೋಲ್ ಬಿದ್ದು ವಾಸನೆ ಬಂತು ಅಂದ್ರೆ ಈ ಮೂಟೆ ನೀನೇ ಕುಡೀಬೇಕು ನೋಡು." ಅಂಗಡಿ ಎತ್ತಿಕೊಂಡು ಕೊಟ್ಟಿಗೆಗೆ ಹೋದೆ. ಉಳಿದ ಕೆಲಸ ಹಳೇ ಸ್ಟೀಲ್ ತಟ್ಟೆಯ ಒಳಗೆ.

ಫ್ಲೋಟ್ ಬೌಲಿನ ನಾಲ್ಕು ಸ್ಕ್ರೂನಲ್ಲಿ ಮೂರು ಬಂದವು. ನಾಲ್ಕನೆಯದರ ತಲೆ ಸವೆದು ಗುಂಡಗಾಯಿತು. ನನ್ನ ಸ್ಕ್ರೂಡ್ರೈವರ್ ಒಂದು ಸೈಜ್ ಚಿಕ್ಕದಿತ್ತು, ಜೊತೆಗೆ ಅವಸರ. ಕೊನೆಗೆ ಹ್ಯಾಕ್ಸಾ ಬ್ಲೇಡಿನಲ್ಲಿ ತಲೆಗೆ ಗೀರು ಕೊಯ್ದು ಚಪ್ಪಟೆ ಡ್ರೈವರ್ ಹಾಕಿ ತಿರುಗಿಸಿದೆ. ನಾಲ್ಕಕ್ಕೂ ಎಲ್ಲೆನ್ ಸ್ಕ್ರೂ ತಂದೆ, 40 ರೂಪಾಯಿ.

ಬೌಲ್ ತಳದಲ್ಲಿ ಕಂದು ಕೆಸರು, ಅದರ ಮೇಲೆ ಪಾದರಸದ ಹಾಗೆ ಓಡಾಡುವ ನೀರಿನ ಗುಂಡುಗಳು. ಕಳೆದ ಮಳೆಗಾಲದಲ್ಲಿ ಗಾಡಿ ಅರ್ಧ ಟ್ಯಾಂಕ್‌ನಲ್ಲಿ ತಿಂಗಳುಗಟ್ಟಲೆ ನಿಂತಿತ್ತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಇದೆ, ಅದು ತೇವ ಹೀರುತ್ತದೆ. ಟ್ಯಾಂಕಿನ ತಳದ ಪೆಟ್ರೋಲನ್ನು ಬಿಳಿ ಬಾಟಲಿಗೆ ಇಳಿಸಿ ರಾತ್ರಿ ಇಟ್ಟು ನೋಡಿದೆ. ಬೆಳಗ್ಗೆ ತಳದಲ್ಲಿ ಎರಡು ಬೆರಳು ದಪ್ಪ ಬೇರೆಯೇ ಪದರ ನಿಂತಿತ್ತು. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೆದೆ.

ಪೆಟ್ರೋಲ್ ಅಳೆದು ಬಿಡುವ ತೂತಿನ ತುಂಡು ಮೇನ್ ಜೆಟ್. ಅದನ್ನು ಬಿಚ್ಚಿ ಲೆನ್ಸ್ ಹಿಡಿದು ನಂಬರ್ ಓದಿದೆ: 100. ಈ ಗಾಡಿಗೆ ಕಂಪನಿಯಿಂದ ಬರುವುದು 90. ನಂಬರ್ ದೊಡ್ಡದಾದಷ್ಟು ತೂತೂ ದೊಡ್ಡದು. ಯಾವ ಕಾಲದಲ್ಲಿ ಯಾರು ಹಾಕಿದರೋ. ಅಪ್ಪನನ್ನು ಕೇಳಿದರೆ "ಪಿಕಪ್ ಬರ್ತದೆ ಅಂತ ಒಬ್ಬ ಹಾಕಿದ್ದ, ನಾನೇ ಹಾಕಿಸಿದ್ದು" ಅಂದರು. ಕಳ್ಳ ಮನೆಯಲ್ಲೇ ಇದ್ದಾನೆ, ಇನ್ನು ಮುಗಿಯಿತು ಅಂದುಕೊಂಡೆ.

ಆ ಖುಷಿಯಲ್ಲಿ ದೊಡ್ಡ ತಪ್ಪು ಮಾಡಿದೆ. ಐಡ್ಲಿಂಗಿಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಕಟ್ಟಿತ್ತು. ಅದರ ನಂಬರ್ 25, ತೂತು ಸುಮಾರು ಕಾಲು ಮಿಲಿಮೀಟರ್. ಹಳೇ ಬ್ರೇಕ್ ಕೇಬಲಿನ ಒಂದು ಎಳೆ ತೆಗೆದು ಚುಚ್ಚಿದೆ. ಹೋಗಲಿಲ್ಲ. ತಿರುಚಿ ಒತ್ತಿದೆ, ಹೋಯಿತು. ಹೊರಗೆ ಎಳೆದಾಗ ತಂತಿಯ ತುದಿಯಲ್ಲಿ ಹಳದಿ ಹೊಳಪು. ಹಿತ್ತಾಳೆಯ ಚೂರು! ಕೊಳೆ ತೆಗೆಯಲು ಹೋಗಿ ತೂತನ್ನೇ ದೊಡ್ಡದು ಮಾಡಿದ್ದೆ. ಜೆಟ್ಟಿಗೆ ಉಕ್ಕಿನ ತಂತಿ ಹಾಕಬೇಡಿ. ಸ್ಪ್ರೇ ಹೊಡೆದು ರಾತ್ರಿ ನೆನೆಯಲು ಬಿಡಿ, ಗಾಳಿ ಹೊಡೆಯಿರಿ, ಹೋಗದಿದ್ದರೆ ಹೊಸದು ತನ್ನಿ.

ಜನವರಿ 19: ಕಿಟ್, ಮತ್ತೆ ಹೊಸ ರೋಗ

ಮಡಿಕೇರಿಯಲ್ಲಿ ರಿಪೇರಿ ಕಿಟ್ ಸಿಕ್ಕಿತು, 480. ಮೇನ್ ಜೆಟ್ 90, ಪೈಲಟ್ 25, ನೀಡಲ್, ನೀಡಲ್ ಜೆಟ್, ಫ್ಲೋಟ್ ಪಿನ್, ಪ್ಯಾಕಿಂಗ್. ಕ್ಲೀನರ್ ಸ್ಪ್ರೇ 290. ಹಳೇ ನೀಡಲ್ ಜೆಟ್ ಬೆಳಕಿಗೆ ಹಿಡಿದರೆ ತೂತು ಗುಂಡಗಿರಲಿಲ್ಲ, ಒಂದು ಕಡೆ ಸವೆದು ಮೊಟ್ಟೆಯಾಕಾರ ಆಗಿತ್ತು. ಎಲ್ಲ ಹೊಸದು ಹಾಕಿ, ನೀಡಲ್ ಕ್ಲಿಪ್ ಮೇಲಿನಿಂದ ಮೂರನೇ ಗೀರಿಗೆ, ಏರ್ ಸ್ಕ್ರೂ ಪೂರ್ತಿ ಒಳಗೆ ತಿರುಗಿಸಿ ಒಂದೂವರೆ ಸುತ್ತು ಹೊರಗೆ.

ಸ್ಟಾರ್ಟ್ ಮಾಡಿದರೆ ಇಂಜಿನ್ ಕಿರುಚುತ್ತದೆ. ಐಡ್ಲಿಂಗ್ ಸ್ಕ್ರೂ ಪೂರ್ತಿ ಬಿಟ್ಟರೂ ಇಳಿಯುತ್ತಿಲ್ಲ. ಕೇಬಲ್ ನೋಡಿದೆ, ಸ್ಲೈಡ್ ತಿರುಗಾಮುರುಗಾ ಹಾಕಿದೆನಾ ಅಂತ ನೋಡಿದೆ. ಎಲ್ಲ ಸರಿ. ಕೊನೆಗೆ ಕಾರ್ಬುರೇಟರ್ ಇಂಜಿನಿಗೆ ಕೂರುವ ಜಾಗದ ಸುತ್ತ ಸ್ವಲ್ಪ ನೀರು ಚಿಮುಕಿಸಿದೆ. ಒಂದು ಕಡೆ ಚಿಮುಕಿಸಿದಾಗ ಶಬ್ದ ಬದಲಾಯಿತು. ಅಲ್ಲಿ ಗಾಳಿ ಎಳೆಯುತ್ತಿದೆ.

ಬಿಚ್ಚಿ ಫ್ಲ್ಯಾಂಜ್ ಮೇಲೆ ಸ್ಟೀಲ್ ಸ್ಕೇಲ್ ಇಟ್ಟೆ. ಎರಡು ಕಿವಿಗಳ ಮೇಲೆ ಕೂರುತ್ತದೆ, ಮಧ್ಯದಲ್ಲಿ ಬೆಳಕು ಕಾಣುತ್ತದೆ. ಎರಡೂ ನಟ್ಟನ್ನು ವರ್ಷಗಟ್ಟಲೆ ಹಲ್ಲುಕಚ್ಚಿ ಬಿಗಿ ಮಾಡಿ ಕಿವಿ ಬಗ್ಗಿದೆ. ಈ ಸಲ ನಾನೂ ಹಾಗೇ ಬಿಗಿ ಮಾಡಿದ್ದೆ, ಸುಳ್ಳು ಯಾಕೆ. ಹಳೇ ಕಿಟಕಿ ಗಾಜಿನ ಮೇಲೆ ಮರಳು ಕಾಗದ ಹಾಸಿ, ನೀರು ಹಾಕಿ, ಎಂಟರ ಆಕಾರದಲ್ಲಿ ಮುಕ್ಕಾಲು ಗಂಟೆ ಉಜ್ಜಿದೆ. ಮೊದಲು ಕಿವಿಗಳು ಹೊಳೆದವು, ಆಮೇಲೆ ನಿಧಾನಕ್ಕೆ ಇಡೀ ಮುಖ ಒಂದೇ ಬಣ್ಣಕ್ಕೆ ಬಂತು. ಹೊಸ ಪ್ಯಾಕಿಂಗ್ ಹಾಕಿ, ಈ ಸಲ ಚಿಕ್ಕ ಸ್ಪ್ಯಾನರಿನಲ್ಲಿ ಎರಡೂ ಕಡೆ ಸ್ವಲ್ಪ ಸ್ವಲ್ಪ ಬಿಗಿ ಮಾಡಿದೆ. ಐಡ್ಲಿಂಗ್ ಕೂತಿತು.

ಮರುದಿನ ಅಳತೆ: 3.72 ಲೀಟರ್, 24.2. ಇಷ್ಟೇನಾ? ಪ್ಲಗ್ ಬಿಚ್ಚಿದರೆ ಇನ್ನೂ ಕಪ್ಪು, ಅಂದರೆ ಪೆಟ್ರೋಲ್ ಇನ್ನೂ ಜಾಸ್ತಿ ಹೋಗುತ್ತಿದೆ.

ಜನವರಿ 26: ಬುದ್ಧಿವಂತಿಕೆ ಜಾಸ್ತಿಯಾಯಿತು

ರಜೆ ಇತ್ತು. ಕೂತು ಯೋಚನೆ ಮಾಡಿದೆ. ಬುಲೆಟ್ ತಯಾರಾದದ್ದು ಮದ್ರಾಸಿನಲ್ಲಿ, ಸಮುದ್ರದ ಪಕ್ಕ. ಮಡಿಕೇರಿ ಸಾವಿರ ಮೀಟರಿಗೂ ಎತ್ತರ. ಇಲ್ಲಿ ಗಾಳಿ ತೆಳು, ಅದೇ ಜೆಟ್ಟಿಗೆ ಪೆಟ್ರೋಲ್ ಜಾಸ್ತಿ ಆಗುತ್ತದೆ. ಹಾಗಾದರೆ ನಮ್ಮೂರಿಗೆ 85 ಜೆಟ್ ಸರಿ! 60 ರೂಪಾಯಿ ಕೊಟ್ಟು ತಂದೆ. ಅಷ್ಟಕ್ಕೆ ಸುಮ್ಮನಿರದೆ ನೀಡಲ್ ಕ್ಲಿಪ್ಪನ್ನೂ ಒಂದು ಗೀರು ಮೇಲೆ ಹಾಕಿದೆ. ನೀಡಲ್ ಇಳಿಯುತ್ತದೆ, ಪೆಟ್ರೋಲ್ ಇನ್ನೂ ಕಮ್ಮಿ.

ಕುಶಾಲನಗರ ದಾರಿಯಲ್ಲಿ ಅಳೆದರೆ 3.70 ಲೀಟರ್, 24.3. ಏನೂ ಬದಲಾಗಲಿಲ್ಲ. ಆಗಲೇ ಸುಮ್ಮನಾಗಬೇಕಿತ್ತು. ಸುಳ್ಯದಲ್ಲಿ ಒಂದು ಗೃಹಪ್ರವೇಶ ಇತ್ತು, ಅದೇ ಗಾಡಿಯಲ್ಲಿ ಘಾಟ್ ಇಳಿದು ಹೋದೆ.

ವಾಪಸ್ ಬರುವಾಗ ಸಂಪಾಜೆ ದಾಟಿ ಏರು ಶುರುವಾದ ಕೂಡಲೇ ಗಾಡಿ ಮುಗ್ಗರಿಸತೊಡಗಿತು. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೆ ಎಳೆಯುವುದಿಲ್ಲ, ಸ್ವಲ್ಪ ಬಿಟ್ಟರೆ ಎಳೆಯುತ್ತದೆ. ಕೊಯನಾಡು ದಾಟಿ ಒಂದು ತಿರುವಿನಲ್ಲಿ ನಿಂತೇ ಹೋಯಿತು. ಇಂಜಿನ್ ಹತ್ತಿರ ಕೈ ಇಡಲಾಗದ ಬಿಸಿ. ಪ್ಲಗ್ ಬಿಚ್ಚಿದೆ. ಬಿಳಿ! ಸುಣ್ಣ ಬಳಿದ ಹಾಗೆ. ಪೆಟ್ರೋಲ್ ಸಾಲದ ಗುರುತು. ಅರ್ಧ ಗಂಟೆ ಆರಲು ಬಿಟ್ಟು ಮೆಲ್ಲಗೆ ಹೊರಟೆ. 2018ರಲ್ಲಿ ಗುಡ್ಡ ಕುಸಿದ ಜೋಡುಪಾಲದ ಹತ್ತಿರ ಬರುವಾಗ ಸ್ವಲ್ಪ ವಾಸಿ. ಮದೆನಾಡು ಹೊತ್ತಿಗೆ ಚೆನ್ನಾಗಿಯೇ ಎಳೆಯುತ್ತಿತ್ತು. ಮೇಲೆ ಬಂದ ಹಾಗೆ ಗಾಳಿ ತೆಳುವಾಗಿ ಆ ಚಿಕ್ಕ ಜೆಟ್ಟಿಗೆ ಸರಿಹೋಯಿತು. ಮಡಿಕೇರಿಯ ಲೆಕ್ಕ ಮಾಡಿದ್ದವನು ಘಾಟ್ ಇಳಿದರೆ ಸಂಪಾಜೆಯೂ ಇದೆ ಅನ್ನುವುದನ್ನು ಮರೆತಿದ್ದೆ.

ಮಾರನೇ ದಿನ ಮಡಿಕೇರಿ ಪೇಟೆಯಲ್ಲಿ ನಿಂತು ನಿಂತು ಓಡಿಸಿ ಮತ್ತೆ ಪ್ಲಗ್ ನೋಡಿದೆ. ಕಪ್ಪು. ಏರಿನಲ್ಲಿ ಬಿಳಿ, ಪೇಟೆಯಲ್ಲಿ ಕಪ್ಪು. ತಲೆ ಕೆಟ್ಟುಹೋಯಿತು. 90 ಜೆಟ್, ಮೂರನೇ ಗೀರು, ಎಲ್ಲ ಮೊದಲಿನ ಹಾಗೆ ಮಾಡಿ ಒಂದು ವಾರ ಗಾಡಿ ಮುಟ್ಟಲಿಲ್ಲ.

ಫೆಬ್ರವರಿ 2: ಒಂದು ಪ್ರಶ್ನೆ

ಮೂರ್ನಾಡಿನಲ್ಲಿ ಒಬ್ಬರು ಹಳೇ ಮೆಕ್ಯಾನಿಕ್ ಇದ್ದಾರೆ. ಕಣ್ಣು ಮಂಜಾದ ಮೇಲೆ ಕೆಲಸ ಬಿಟ್ಟಿದ್ದಾರೆ, ಆದರೆ ಜಗಲಿಯಲ್ಲಿ ಕೂತು ಸಲಹೆ ಕೊಡುತ್ತಾರೆ. ನನ್ನ ಕಥೆ ಪೂರ್ತಿ ಕೇಳಿದರು. ಜೆಟ್ ನಂಬರ್, ಪ್ಲಗ್ ಬಣ್ಣ, ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ.

"ಬೆಳಗ್ಗೆ ಚೋಕ್ ಎಷ್ಟು ಹೊತ್ತು ಹಾಕ್ತೀಯ?"

"ಚೋಕೇ ಬೇಡ ಅಣ್ಣ. ಈ ಚಳಿಯಲ್ಲೂ ಎರಡನೇ ಕಿಕ್ಕಿಗೆ ಸ್ಟಾರ್ಟ್."

ನಕ್ಕರು. "ಮಾರಾಯ, ಬುಲೆಟ್ ಮಡಿಕೇರಿ ಚಳಿಯಲ್ಲಿ ಚೋಕ್ ಇಲ್ಲದೆ ಸ್ಟಾರ್ಟ್ ಆಗ್ತದೆ ಅಂದ್ರೆ ಅದು ಚೋಕ್ ಹಾಕಿಕೊಂಡೇ ಉಂಟು. ನೀನು ವರ್ಷವಿಡೀ ಚೋಕ್ ಹಾಕಿಯೇ ಓಡಿಸ್ತಾ ಇದ್ದಿ."

ಗಾಡಿ ಬಿಸಿಯಾಗಿತ್ತು. ಐಡ್ಲಿಂಗ್‌ನಲ್ಲಿ ಬಿಟ್ಟು ಚೋಕ್ ಲಿವರ್ ಹಾಕು ಅಂದರು. ಹಾಕಿದೆ. ಇಂಜಿನ್ ಶಬ್ದದಲ್ಲಿ ಏನೂ ವ್ಯತ್ಯಾಸವಿಲ್ಲ. ತೆಗೆ ಅಂದರು. ತೆಗೆದೆ. ಅದೇ ಶಬ್ದ. "ಸರಿ ಇರುವ ಗಾಡಿ ಬಿಸಿಯಲ್ಲಿ ಚೋಕ್ ಹಾಕಿದ್ರೆ ಮುಗ್ಗರಿಸಬೇಕು. ಇದಕ್ಕೆ ಅಭ್ಯಾಸ ಆಗಿಹೋಗಿದೆ" ಅಂದರು.

ಅಲ್ಲೇ ಕೂತು ಚೋಕ್ ಪ್ಲಂಜರ್ ಬಿಚ್ಚಿದೆವು. ಬೆರಳಿನ ಒಂದು ಗೆಣ್ಣಿನಷ್ಟು ಹಿತ್ತಾಳೆ ತುಂಡು, ತಳದಲ್ಲಿ ರಬ್ಬರಿನ ಬಿಲ್ಲೆ. ಆ ರಬ್ಬರ್ ತೂತಿನ ಮೇಲೆ ಕೂತು ಪೆಟ್ರೋಲ್ ದಾರಿ ಮುಚ್ಚಬೇಕು. ನಮ್ಮದರಲ್ಲಿ ರಬ್ಬರ್ ಕಲ್ಲಾಗಿತ್ತು. ಉಗುರು ಊರಿದರೆ ಇಳಿಯುವುದಿಲ್ಲ. ಮೂವತ್ತು ವರ್ಷ ಕೂತ ಜಾಗದಲ್ಲಿ ಬಳೆಯ ಹಾಗೆ ಆಳವಾದ ಗುಂಡು ಗೆರೆ, ಆ ಗೆರೆಯನ್ನು ಅಡ್ಡಕ್ಕೆ ಸೀಳಿದ ಒಂದು ಬಿರುಕು. ಆ ಬಿರುಕಿನಿಂದ ಪೆಟ್ರೋಲ್ ಸದಾ ಹೋಗುತ್ತಲೇ ಇತ್ತು. ಆಕ್ಸಿಲರೇಟರ್ ಕಮ್ಮಿ ಇರುವಾಗ ಇಂಜಿನ್ ಆ ದಾರಿಯಲ್ಲಿ ಜೋರಾಗಿ ಎಳೆಯುತ್ತದೆ, ಪೂರ್ತಿ ತಿರುಗಿಸಿದಾಗ ಅಷ್ಟು ಎಳೆಯುವುದಿಲ್ಲ. ಪೇಟೆಯಲ್ಲಿ ಕಪ್ಪು, ಏರಿನಲ್ಲಿ ಬಿಳಿ. ನಮ್ಮ ತಿರುವು ರಸ್ತೆಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಆಕ್ಸಿಲರೇಟರ್ ಯಾರು ಕೊಡುತ್ತಾರೆ?

ಎರಡು ಸಲ ಕಾರ್ಬುರೇಟರ್ ಬಿಚ್ಚಿದಾಗಲೂ ಈ ತುಂಡನ್ನು ಕೈಯಲ್ಲಿ ಹಿಡಿದು, ಸ್ಪ್ರೇ ಹೊಡೆದು, ಒರೆಸಿ ವಾಪಸ್ ಹಾಕಿದ್ದೆ. ತಳ ತಿರುಗಿಸಿ ನೋಡಿರಲಿಲ್ಲ. ಕಿಟ್‌ನಲ್ಲೂ ಅದು ಬಂದಿರಲಿಲ್ಲ, ಹಾಗಾಗಿ ಅದು ಹಾಳಾಗುವ ಸಾಮಾನು ಅಂತಲೇ ಅನ್ನಿಸಲಿಲ್ಲ. ಪ್ಲಂಜರ್ ಮಡಿಕೇರಿ, ವಿರಾಜಪೇಟೆ ಎರಡೂ ಕಡೆ ಸಿಗಲಿಲ್ಲ. ಮೈಸೂರಿನಿಂದ ಬಸ್ಸಿನಲ್ಲಿ ತರಿಸಿದೆ. 110 ರೂಪಾಯಿ, ಒಂಬತ್ತು ದಿನ.

ಫೆಬ್ರವರಿ 11–16

ಹಾಕಲು ಹಿಡಿದ ಸಮಯ ಹತ್ತು ನಿಮಿಷ. ಬಿಸಿ ಇಂಜಿನ್‌ನಲ್ಲಿ ಏರ್ ಸ್ಕ್ರೂ ಮತ್ತೆ ನೋಡಿದೆ. ಮೊದಲು ಅದನ್ನು ಎತ್ತ ತಿರುಗಿಸಿದರೂ ಇಂಜಿನ್ ಕೇಳುತ್ತಿರಲಿಲ್ಲ, ಈಗ ಕಾಲು ಸುತ್ತಿಗೂ ಶಬ್ದ ಬದಲಾಗುತ್ತದೆ. ಒಂದೂವರೆಗೆ ಚೂರು ಮೇಲೆ ನಿಲ್ಲಿಸಿದೆ.

ಮರುದಿನ ಬೆಳಗ್ಗೆ ಆರೂವರೆಗೆ ಕಿಕ್ ಹೊಡೆದೆ. ಇಲ್ಲ. ಹದಿನಾಲ್ಕು ಕಿಕ್. ಬೆವರು ಬಂತು. ಚೋಕ್ ಹಾಕಿದೆ, ಎರಡನೆಯದಕ್ಕೆ ಸ್ಟಾರ್ಟ್. ಒಳಗಿನಿಂದ ಅಪ್ಪ "ಹಾಳು ಮಾಡಿದ್ಯಾ?" ಅಂದರು.

16ರಂದು ಅದೇ ಬಂಕ್, ಅದೇ ದಾರಿ. 2.83 ಲೀಟರ್. ಬಂಕಿನ ಹುಡುಗನಿಗೆ "ಇನ್ನೂ ಹಾಕು, ಅಂಚಿಗೆ ಬರಲಿ" ಅಂದೆ. "ಬಂದಿದೆ ಸರ್, ಚೆಲ್ತದೆ" ಅಂದ. 31.8. ಬಿಸಿ ಇಂಜಿನ್ ಈಗ ಒಂದೇ ಕಿಕ್ಕಿಗೆ ಸ್ಟಾರ್ಟ್.

ಹಳೇ 33 ಬರಲಿಲ್ಲ ಅಂತ ಅಪ್ಪನ ತಕರಾರು. ಆಗಿನ ಪೆಟ್ರೋಲ್ ಬೇರೆ, ಈಗಿನದು 20 ಶೇಕಡಾ ಎಥನಾಲ್ ಬೆರೆಸಿದ ಇ20. 2021ರ ನೀತಿ ಆಯೋಗದ ವರದಿಯಲ್ಲೇ ದ್ವಿಚಕ್ರ ವಾಹನಗಳಿಗೆ ಇದರಿಂದ 3–4 ಶೇಕಡಾ ಮೈಲೇಜ್ ಇಳಿಯಬಹುದು ಅಂತ ಅಂದಾಜು ಇದೆ, ಅದೂ 10 ಶೇಕಡಾ ಎಥನಾಲ್‌ಗೆ ಹೊಂದಿಸಿದ ಗಾಡಿಗಳಿಗೆ. ನಮ್ಮದು ಯಾವುದಕ್ಕೂ ಹೊಂದಿಸದ ಮುದುಕ. ಆ ಒಂದೂಕಾಲು ಕಿಲೋಮೀಟರ್ ಹಿಂದೆ ನಾನು ಹೋಗುವುದಿಲ್ಲ.

ಖರ್ಚು: ಫಿಲ್ಟರ್ 180, ಪ್ಲಗ್ 120, ಸ್ಕ್ರೂ 40, ಕಿಟ್ 480, ಸ್ಪ್ರೇ 290, ಸುಮ್ನೆ ತಂದ 85 ಜೆಟ್ 60, ಪ್ಲಂಜರ್ 110. ಹಳೇ ಮೆಕ್ಯಾನಿಕ್ ಬೇಡ ಬೇಡ ಅಂದರೂ ಜೇಬಿಗೆ ಹಾಕಿ ಬಂದದ್ದು 300. ಒಟ್ಟು 1,580. ಅಳತೆಗೆ ಸುಟ್ಟ ಪೆಟ್ರೋಲ್ ಬೇರೆ.

ಫೆಬ್ರವರಿ 23

ಇನ್ನೊಮ್ಮೆ ಅಳೆದೆ, 2.90 ಲೀಟರ್, 31. ಆ ದಿನ ಸುಂಟಿಕೊಪ್ಪದಿಂದ ಒಬ್ಬರನ್ನು ಹಿಂದೆ ಕೂರಿಸಿಕೊಂಡಿದ್ದೆ. ಪ್ಲಗ್ ತುದಿ ಕಾಫಿ ಪುಡಿ ಬಣ್ಣಕ್ಕೆ ಬಂದಿದೆ.

ಉಳಿದಿರುವುದು ಪೆಟ್ರೋಲ್ ಕಾಕ್. ಬಂದ್ ಮಾಡಿದರೂ ತೊಟ್ಟಿಕ್ಕುತ್ತದೆ. ರಾತ್ರಿ ಕೆಳಗೆ ಒಂದು ಡಬ್ಬಿ ಮುಚ್ಚಳ ಇಟ್ಟಿದ್ದೆ, ಬೆಳಗ್ಗೆ ಅರ್ಧ ತುಂಬಿತ್ತು. ಗಾಡಿಯನ್ನು ಕೊಟ್ಟಿಗೆಯಿಂದ ಹೊರಗೆ ನಿಲ್ಲಿಸಿದ್ದೇನೆ. ಕಾಕ್ ಒಳಗಿನ ವಾಷರಿಗೆ ಮೈಸೂರಿಗೆ ಹೇಳಿದ್ದೇನೆ, ಬಸ್ ಇನ್ನೂ ಬಂದಿಲ್ಲ.